ಹೊಕ್ಕಳದ ಮ್ಯಾಲ ನಾಕು ಬೆರಳು

ನಮ್ಮಣ್ಣ ಶಾಂತಪ್ಪನ್ನ ಯಾರರ "ಪಾಪ, ಭಾಳ ಸಾಧು ಮನಷಾ ಇದ್ದ" ಅಂದ್ರ ನನಗ ಮೈಯೆಲ್ಲ ಉರೀತೈತಿ. ಸಾಧು ಏನ್ ಮಣ್ಣು! ಹಟಮಾರಿ ಇದ್ದ ಅಂವ. ಮೆತ್ತಗ ಮಾತಾಡ್ತಿದ್ದ, ಅಷ್ಟ. ಜಗಳಾಡೋರು ಜಗಳಾಡಿ ಸುಸ್ತಾಗಿ ಒಂದಿಲ್ಲೊಂದು ದಿನ ಸೋಲ್ತಾರ. ನಕ್ಕೋತ 'ಇಲ್ಲ' ಅನ್ನೋರನ್ನ ಏನು ಮಾಡ್ತೀರಿ? ನಾನು ಶಿವದೇವಿ, ಅವನ ಬೆನ್ನಿಗೆ ಬಿದ್ದ ತಂಗಿ. ಜಗಳಗಂಟಿ ಅಂತ ಇಡೀ ಬಳಗಕ್ಕ ಗೊತ್ತು. ಅಂಥಾಕಿ ನಾನು ಅವನ ಮುಂದ ಒಂದು ಸಲಾನೂ ಗೆದ್ದಿಲ್ಲ. ಉಳಿದ ಸಲ ಸೋತಿದ್ದಕ್ಕ ನನಗೇನೂ ದುಃಖ ಇಲ್ಲ. ಆ ಒಂದು ಸಲ ಮಾತ್ರ ಗೆಲ್ಲಬೇಕಿತ್ತು.

ನಾವು ರಾಯಚೂರು ಕಡೆಯವರು. ಸನತ್‌ನಗರದಾಗ ಕಾರ್ಖಾನಿಗಳು ಏಳಾಕತ್ತಿದಾಗ ನಮ್ಮಪ್ಪ ಹೈದರಾಬಾದಿಗೆ ಬಂದ. ಅಣ್ಣನೂ ಅಲ್ಲೇ ಒಂದು ಕಾರ್ಖಾನಿಯಾಗ ಫ್ಯಾನಿನ ಮೋಟರಿಗೆ ತಾಮ್ರದ ತಂತಿ ಸುತ್ತೋ ಕೆಲಸಕ್ಕ ಸೇರಿ, ಅಲ್ಲೇ ರಿಟೈರ್ ಆದ. ನನ್ನ ದಿಲ್‌ಸುಖ್‌ನಗರಕ್ಕ ಕೊಟ್ರು. ಊರಿನ ಆ ತುದಿಗೆ ಅಂವ, ಈ ತುದಿಗೆ ನಾನು. ಹೊರಗ ಹೋದ್ರ ತೆಲುಗು, ಹಿಂದಿ. ಚಪ್ಪಲಿ ಬಿಟ್ಟು ಒಳಗ ಬಂದ್ರ ನಮ್ಮ ಕನ್ನಡ. ಆಂಧ್ರ ಇನ್ನೂ ಒಂದೇ ಇದ್ದ ಕಾಲದ ಮಾತು ಇದು.

ಕಾರ್ಖಾನಿಯಾಗ ತಂತಿ ಸುತ್ತಿದ್ರೂ ನಮ್ಮ ಮಂದಿಯೊಳಗ ಅವನ ಹೆಸರು 'ದಾರದ ಶಾಂತಪ್ಪ' ಅಂತ. ನಾವು ಲಿಂಗಾಯತರು, ಇಷ್ಟಲಿಂಗ ಮೈಮ್ಯಾಲ ಕಟ್ಟಿಕೊಳ್ಳೋರು. ಲಿಂಗ ಇಡೋ ಬೆಳ್ಳಿ ಕರಡಿಗಿಗೆ ಶಿವದಾರ ಬೇಕಲ್ಲ, ಆ ದಾರ ಹೊಸೆಯೋದು ನಮ್ಮಪ್ಪನ ಕಡಿಂದ ಅವಗ ಬಂದಿತ್ತು. ಅಂಗಡ್ಯಾಗಿನ ದಾರ ತಂದ್ರ ಮುಖ ಹುಳ್ಳಗ ಮಾಡ್ತಿದ್ದ. ಸಂಜಿಮುಂದ ಕೆಲಸ ಮುಗಿಸಿ ಬಂದು, ಜಳಕಾ ಮಾಡಿ, ನೂಲಿನ ಎಳಿ ತೊಡಿ ಮ್ಯಾಲ ಹೊಸೀತಿದ್ದ. ನಮ್ಮ ಅತ್ತಿಗಿ ಬಸಲಿಂಗಮ್ಮ ಎದುರಿಗೆ ಕುಂತು ಎಳಿ ಹಿಡೀತಿದ್ಲು. ಯಾರ ಮನ್ಯಾಗ ಕೂಸಿಗೆ ಲಿಂಗ ಕಟ್ಟಬೇಕಾದ್ರೂ ದಾರ ಶಾಂತಪ್ಪಂದೇ. ಒಂದು ಪೈಸಾ ಮುಟ್ಟತಿದ್ದಿಲ್ಲ.

ಅವಂದು ಒಂದು ಅಳತಿ ಇತ್ತು. ದಾರ ಬೇಕು ಅಂತ ಬಂದವರನ್ನ ಎದ್ದು ನಿಂದರಸ್ತಿದ್ದ. ಹೊಕ್ಕಳದ ಮ್ಯಾಲ ನಾಕು ಬೆರಳು ಅಡ್ಡ ಇಟ್ಟು, "ಇಲ್ಲಿ. ಇಲ್ಲಿಂದ ಕೆಳಗ ಇಳೀಬಾರದು, ಮ್ಯಾಲೂ ಏರಬಾರದು. ನಮ್ಮಪ್ಪ ಹೇಳಿದ್ದು" ಅಂತ ಗಂಟು ಹಾಕ್ತಿದ್ದ. ಯಾರನ್ನೂ ಕೇಳ್ತಿದ್ದಿಲ್ಲ. ಎದುರಮನಿ ಬಂಡೆಪ್ಪ, ಶಂಶಾಬಾದಿನ ಹೊಸ ಏರ್‌ಪೋರ್ಟಿನ್ಯಾಗ ನೌಕರಿಗೆ ಹತ್ತಿದವ, ಒಂದು ದಿನ ಬಂದು ಅಂದ: "ಕಾಕಾ, ನಂದು ಸ್ವಲ್ಪ ಗಿಡ್ಡ ಮಾಡ್ರಿ. ಕೊರಳಾಗೇ ಇರ್ಲಿ. ಅಂಗಿ ಒಳಗ ಉಬ್ಬಿ ಕಾಣತೈತಿ."

"ಕೊರಳಾಗ ಕಟ್ಟಾಕ ಇದೇನು ತಾಯತೇನೋ ಬಂಡೆಪ್ಪ?" ಅಂದ ಅಣ್ಣ, ನಕ್ಕೋತ. "ನಿನಗ ಬೇಕಾದ್ರ ಬಜಾರದಾಗ ಒಂದು ತಾಯತ ಕೊಡಸ್ತೀನಿ, ತಗೋ. ಲಿಂಗ ಮಾತ್ರ ಅದರ ಜಾಗಾದಾಗೇ ಇರ್ತೈತಿ."

ಬಂಡೆಪ್ಪ ಹಲ್ಲು ಕಿಸದು ನಾಕು ಬೆರಳಿನ ದಾರಾನ ಕಟ್ಟಿಕೊಂಡು ಹೋದ. ನಾವೆಲ್ಲ ನಕ್ಕಿವಿ. 

ರಿಟೈರ್ ಆದ ಮರುವರ್ಷ ಅವಗ ಸಂಡಾಸಕ್ಕ ಹೋದಾಗ ರಕ್ತ ಬೀಳಾಕ ಸುರು ಆತು. ಮೂಲವ್ಯಾಧಿ ಅಂತ ತಾನೇ ತೀರ್ಪು ಕೊಟ್ಕೊಂಡ. ಮೂಲಂಗಿ ತಿಂದ, ಮಜ್ಜಿಗಿ ಕುಡದ, ಬೋರ್ಡ್ ಹಾಕ್ಕೊಂಡು ಕುಂತ ಯಾರೋ ಒಬ್ಬನ ಕಡೆ ಚೂರ್ಣ ತಂದ. ಹೆಂಡತಿ ಮುಂದ ಸುದ್ದಾ ಬಾಯಿ ಬಿಡಲಿಲ್ಲ. ಧೋತರ ಒಗಿಯೋ ಆಕಿಗೆ ಗೊತ್ತಾಗಲಾರದ ಇರ್ತೈತೇನು? ಆಕಿ ನನಗ ಫೋನ್ ಮಾಡಿ, "ಶಿವಕ್ಕಾ, ನೀವು ಒಮ್ಮೆ ಬಂದು ಹೋಗ್ರಿ" ಅಂದ್ಲು. ಅಷ್ಟ ಅಂದ್ಲು. ಆಕಿ ಮಾತು ಯಾವಾಗಲೂ ಅಷ್ಟ. ನಾನು ಹೋದವಳೇ ಬೈದು, ಅವನ್ನ ಎಳಕೊಂಡು ಸರ್ಕಾರಿ ದವಾಖಾನಿಗೆ ಹೋದೆ.

ಅಲ್ಲಿ ಆಪರೇಷನ್ ಮಾಡೋ ಡಾಕ್ಟರು ಸುಹಾಸಿನಿ ಅಂತ. ಅವರ ಮನಿತನಾನೂ ನಮ್ಮ ಕಡೇದೇ, ಅಜ್ಜನ ಕಾಲದಿಂದ ಇಲ್ಲೇ ಸರ್ಕಾರಿ ನೌಕರಿ. ಕನ್ನಡ ಕೇಳಿ ನನಗ ಅರ್ಧ ಜೀವ ಬಂತು. ಅಣ್ಣಗ ಮಾತ್ರ ಇದ್ದ ಜೀವಾನೂ ಹೋತು. ಹೆಣ್ಣಮಗಳು, ಅದರಾಗ ಕನ್ನಡದಾಕಿ, ಅಲ್ಲಿ ಬೆರಳು ಹಾಕಿ ನೋಡೋದಂದ್ರ! ಪರದೆ ಹಿಂದಿಂದ ಹೊರಗ ಬಂದವ ಯಾರ ಮುಖಾನೂ ನೋಡದ ಗ್ವಾಡಿಗೆ ಹಾಕಿದ ಕ್ಯಾಲೆಂಡರ್ ನೋಡ್ಕೋತ ನಿಂತ. ಸಣ್ಣ ಚೂರು ತಗದು ಪರೀಕ್ಷಾಕ್ಕ ಕಳಿಸಿದ್ರು, ಸ್ಕ್ಯಾನ್ ಮಾಡಿಸಿದ್ರು. ಕ್ಯಾನ್ಸರ್ ಅಂತ ಬಂತು.

ಮೊದಲು ಕರೆಂಟು ಕೊಟ್ರು, ಅಂದ್ರ ರೇಡಿಯೇಷನ್ನು, ಗಡ್ಡಿ ಸಣ್ಣದಾಗ್ಲಿ ಅಂತ. ಅವು ಬಂದ್‌ಗಳ ದಿನ. ಬೇರೆ ರಾಜ್ಯ ಬೇಕು ಅಂತ ಗದ್ದಲ, ಇವತ್ತು ಬಸ್ಸು ಇರ್ತೈತಿ, ನಾಳೆ ಇಲ್ಲ. ಬಸ್ಸು ನಿಂತ ದಿನ ಬಂಡೆಪ್ಪ ತನ್ನ ಸ್ಕೂಟರ್ ಮ್ಯಾಲ ಸಂದಿಗೊಂದಿ ಹಾದು ಅಣ್ಣನ್ನ ಮುಟ್ಟಸ್ತಿದ್ದ. "ಕಾಕಾಗ ಏನಾಗೈತಿ ಅಕ್ಕಾ?" ಅಂತ ನನ್ನ ಕೇಳಿದ್ರ ನಾನು "ಹೊಟ್ಟ್ಯಾಗ ಹುಣ್ಣು" ಅಂತಿದ್ದೆ. ಹಂಗಂತ ಹೇಳಬೇಕು ಅಂತ ಅಣ್ಣಂದು ಅಪ್ಪಣಿ. ಅವನ ಮಗಳನ್ನ ಬೀದರಿಗೆ ಕೊಟ್ಟಿತ್ತು, ಆಕಿಗೂ ಅದೇ ಹುಣ್ಣು, ಬೀಗರಿಗೂ ಅದೇ ಹುಣ್ಣು.

ಕರೆಂಟು ಮುಗಿದು, ಮತ್ತ ಸ್ಕ್ಯಾನ್ ಆಗಿ, ಆಪರೇಷನ್ ಮಾತಿಗೆ ಡಾಕ್ಟರು ನಮ್ಮನ್ನ ಕುಂದರಿಸಿಕೊಂಡ್ರು. ನಾನು ದೊಡ್ಡ ಶಾಣ್ಯಾಳಂಗ ಮೊದಲೇ ಕೇಳಿದೆ: "ಈಗ ಹೊಟ್ಟಿ ಕೊಯ್ಯಂಗಿಲ್ಲಂತ, ಸಣ್ಣ ಸಣ್ಣ ತೂತು ಹಾಕಿ ಟೀವಿಯಾಗ ನೋಡ್ಕೋತ ಮಾಡ್ತಾರಂತಲ್ರಿ. ಹಂಗ ಮಾಡ್ರಿ ನಮ್ಮಣ್ಣಗ."

"ತೂತು ಹಾಕಿ ಮಾಡೋದೋ, ಕೊಯ್ದು ಮಾಡೋದೋ, ಅದು ಆಮ್ಯಾಲಿನ ಮಾತು ಶಿವದೇವಿಯವರ" ಅಂದ್ರು ಅವರು. "ಮೊದಲು ಎಷ್ಟು ತಗೀಬೇಕು ಅಂತ ನಿರ್ಣಯ ಆಗಬೇಕು. ಗಡ್ಡಿ ಭಾಳ ಕೆಳಗದ. ಒಂದು ದಾರಿ ಅಂದ್ರ, ಕೆಳಗಿನ ಬಾಯಿ ಸುದ್ದಾ ಪೂರ್ತಿ ತಗದು ಅಲ್ಲಿ ಹೊಲದು ಬಿಡೋದು. ಹೊಟ್ಟಿ ಎಡಕ್ಕ ಒಂದು ಸಣ್ಣ ಬಾಯಿ ಮಾಡಿ ಚೀಲ ಅಂಟಸೋದು. ಮಲ ಅದರಾಗ ಬರ್ತದ, ಜೀವ ಇರೋ ತನಕ. ಇನ್ನೊಂದು ದಾರಿ, ಕೆಳಗಿನ ಬಾಯಿ ಉಳಿಸಿ, ಗಡ್ಡಿ ಅಷ್ಟೇ ತಗದು, ಕರುಳು ತಂದು ಕೆಳಗ ಜೋಡಸೋದು. ಮುಂದ ಚೀಲ ಬೇಕಾಗಂಗಿಲ್ಲ."

"ಎರಡನೇದೇ ಆಗ್ಲಿರಿ" ಅಂದ ಅಣ್ಣ, ತಟ್ಟನ.

"ಪೂರ್ತಿ ಕೇಳ್ರಿ ಶಾಂತಪ್ಪನವರ. ಮಲ ಬಿಗಿ ಹಿಡಿಯೋ ಸ್ನಾಯು ಅಂತ ಒಂದದ. ಕರೆಂಟು ಕೊಟ್ರೂ ನಿಮ್ಮ ಗಡ್ಡಿ ಅದನ್ನ ಬಿಟ್ಟಿಲ್ಲ. ಬಾಯಿ ಉಳಿಸಾಕ ಹೋದ್ರ ಬೇರು ಉಳೀಬಹುದು. ಬೇರು ಉಳಿದ್ರ ರೋಗ ತಿರುಗಿ ಬರ್ತದ. ಆಗ ನನ್ನ ಕೈಯಾಗ ಏನೂ ಇರಂಗಿಲ್ಲ. ನೀವು ನಮ್ಮ ತಂದಿ ಆಗಿದ್ರ ನಾನು ಮೊದಲನೇದೇ ಮಾಡ್ತಿದ್ದೆ."

ಆಮ್ಯಾಲ ಅವನ್ನ ಮಂಚದ ಮ್ಯಾಲ ಮಲಗಿಸಿ, ಎಬ್ಬಿಸಿ ಕುಂದರಿಸಿ, ನಿಂದರಿಸಿ, ಹೊಟ್ಟಿ ಮ್ಯಾಲ ಪೆನ್ನಿಲೆ ಒಂದು ಗುರುತು ಹಾಕಿದ್ರು. ಚೀಲ ಎಲ್ಲಿ ಅಂಟಿಸಿದ್ರ ಮಡತಿಗೆ ಸಿಗಂಗಿಲ್ಲ, ಕಣ್ಣಿಗೆ ಕಾಣತೈತಿ ಅಂತ ನೋಡೋದಂತ ಅದು. ಹೊಕ್ಕಳದ ಎಡಕ್ಕ, ಸ್ವಲ್ಪ ಕೆಳಗ. ಅಣ್ಣ ಅಂಗಿ ಎತ್ತಿ ಹಿಡಕೊಂಡು ನಿಂತಿದ್ದ. ಗುರುತು ನೋಡಾಕ ಬಗ್ಗಿದ. ಬಗ್ಗಿದ ಕೂಡ್ಲೇ ಕರಡಿಗಿ ತೂಗಿ ಬಂದು ಆ ಗುರುತಿನ ಮ್ಯಾಲ ಕುಂತಿತು. ನಾನೂ ನೋಡಿದೆ, ಅತ್ತಿಗೀನೂ ನೋಡಿದ್ಲು. ಡಾಕ್ಟರಿಗೆ ಅದು ಏನೂ ಅನಿಸಲಿಲ್ಲ. ಅಣ್ಣ ಕರಡಿಗಿ ಮುಷ್ಟಿಯಾಗ ಹಿಡಕೊಂಡು ಅಂಗಿ ಇಳಿಸಿದ.

ಹೊರಗ ದವಾಖಾನಿ ಅಂಗಳದಾಗ ಬೇವಿನ ಗಿಡದ ಕಟ್ಟಿ ಮ್ಯಾಲ ಕುಂತಿವಿ. ನಾನು ಚಾ ತಂದು ಕೊಟ್ಟೆ. ಕುಡೀಲಿಲ್ಲ.

"ಅಣ್ಣಾ, ಡಾಕ್ಟರು ಹೇಳಿದ್ದು ತಿಳೀತಿಲ್ಲ? ಚೀಲಕ್ಕ ಹೂಂ ಅನ್ನು. ಜೀವಕ್ಕಿಂತ ಹೆಚ್ಚಿಂದು ಏನೈತಿ?"

"ಲಿಂಗ ಐತಿ ಶಿವೀ" ಅಂದ. "ಹೇಲಿನ ಚೀಲದ ಮ್ಯಾಲ ಲಿಂಗ ಹೆಂಗ ಇಟಗೊಂಡು ಅಡ್ಡಾಡ್ಲಿ? ಪೂಜಾಕ್ಕ ಕುಂತಾಗ ಅದು ಮಗ್ಗಲದಾಗ ತುಂಬತಿರ್ತೈತಿ. ನನ್ನ ಕಡಿಂದ ಆಗಂಗಿಲ್ಲ."

"ದಾರ ಗಿಡ್ಡ ಮಾಡ್ಕೋ! ಮ್ಯಾಲ ಕಟ್ಟಿಕೋ. ದಾರ ಮಾಡೋನು ನೀನ ಅಲ್ಲೇನು?"

"ಬಂಡೆಪ್ಪಗ ಇಲ್ಲ ಅಂದು, ನಾನ ತಾಯತ ಮಾಡ್ಕೊಳ್ಲೇನು? ಅಪ್ಪ ಹಾಕಿಕೊಟ್ಟ ಅಳತಿ ಅದು. ಊರಿಗೆಲ್ಲ ಅದನ್ನ ಹೇಳೀನಿ."

"ಹಂಗಾರ ಅಯ್ಯನವರನ್ನ ಕೇಳೋಣು. ಅವರು ಹೇಳ್ಲಿ."

ಅಯ್ಯನವರು ಅಂದ್ರ ವೀರಭದ್ರಯ್ಯನವರು, ನಮ್ಮ ಮನಿತನದ ಜಂಗಮರು, ಬೇಗಂಬಜಾರದ ಕಡೆ ಇರ್ತಾರ. ಅಣ್ಣಗ ಲಿಂಗ ಕಟ್ಟಿದವರು ಅವರ ತಂದಿ. ಅವರ ಹೆಸರು ತಗದ ಕೂಡ್ಲೇ ಅಣ್ಣನ ಮುಖ ಕೆಂಪಗಾತು. ಅವನ ದನಿ ಏರಿದ್ದು ನಾನು ಕೇಳಿದ್ದು ಅದೊಂದೇ ಸಲ.

"ಏನಂತ ಕೇಳ್ಲಿ? ಅಯ್ಯಾ, ನನ್ನ ಮುಕಳಿ ಕೊಯ್ತಾರಂತ, ಹೊಟ್ಟಿ ಮ್ಯಾಲ ಹೇಲ್ತೀನಂತ, ಲಿಂಗ ಎಲ್ಲಿಟಗೊಳ್ಲಿ ಅಂತ ಕೇಳ್ಲೇನು? ಬಾಯಿ ಬರ್ತೈತೇನು ಆ ಮಾತಿಗೆ? ನೀ ಏನರ ಅವರ ಮುಂದ ಬಾಯಿ ಬಿಟ್ಟಿ ಅಂದ್ರ, ಶಿವೀ, ನನ್ನ ಹೆಣಾ ನೋಡ್ತಿ."

ಡಾಕ್ಟರ ಹತ್ರ, ವಕೀಲರ ಹತ್ರ ಸುಳ್ಳು ಹೇಳಬಾರದು ಅಂತಾರ. ಅಯ್ಯನವರ ಹತ್ರಾನೂ ಹೇಳಬಾರದು ಅಂತ ಯಾಕ ಸೇರಿಸಿಲ್ಲೋ ಹಿರೇರು. ಆಪರೇಷನ್ ಮುಂಚೆ ವೀರಭದ್ರಯ್ಯನವರು ಸುದ್ದಿ ಕೇಳಿ ತಾವೇ ಬಂದ್ರು. ಪಾದ ತೊಳದಿವಿ, ಊಟಕ್ಕ ಬಡಸಿದಿವಿ. ಅಣ್ಣನ ಮಗ್ಗಲದಾಗೇ ಕುಂತು ಕೇಳಿದ್ರು, "ಏನಾಗೈತಿ ಶಾಂತಪ್ಪ?"

"ಹೊಟ್ಟ್ಯಾಗ ಸಣ್ಣ ಹುಣ್ಣು ಅಯ್ಯಾ. ತಗೀತಾರಂತ."

"ಆರಾಮಾಗ್ತಿ ಬಿಡು. ನೀ ಲಿಂಗ ನಂಬಿದವ" ಅಂದು ಹಣಿಗೆ ವಿಭೂತಿ ಹಚ್ಚಿದ್ರು. ಬಾಗಲತನಕ ನಾನು ಅವರ ಹಿಂದ ಹೋದೆ. ನಾಲಿಗಿ ತುದಿಗೆ ಬಂದಿತ್ತು. ತಿರುಗಿ ನೋಡಿದ್ರ ಅಣ್ಣ ಖಿಡಕಿಯಾಗ ನಿಂತು ನನ್ನೇ ನೋಡಾಕತ್ತಿದ್ದ. ಅವರ ಚಪ್ಪಲಿ ನೆಟ್ಟಗ ಮಾಡಿ ಇಟ್ಟು ಒಳಗ ಬಂದೆ.

ಸುಹಾಸಿನಿ ಡಾಕ್ಟರು ಮತ್ತ ಒಂದು ಸಲ ಹೇಳಿ ನೋಡಿದ್ರು. ಅಂವ ಕೈ ಮುಗದು ನಕ್ಕ. ಕಡೀಕ ಅವರು, "ಆಪರೇಷನ್ನೇ ಬ್ಯಾಡ ಅಂತ ಎದ್ದು ಹೋದ್ರ ನೀವು ಇನ್ನೂ ಲಗೂ ಹೋಗ್ತೀರಿ. ಅದಕ್ಕ ಮಾಡ್ತೀನಿ. ಮನಸಿಲ್ಲದ ಮಾಡ್ತೀನಿ" ಅಂದ್ರು. ಜೋಡಣಿ ಮಾಯೋ ತನಕ ಅಷ್ಟು ದಿನದ ಮಟ್ಟಿಗೆ ಚೀಲ ಹಾಕ್ತೀನಿ ಅಂದ್ರ ಅದಕ್ಕೂ ಒಲ್ಲೆ ಅಂದ. ಥೇಟರಿನ ಒಳಗ ಲಿಂಗ ಒಯ್ಯಂಗಿಲ್ಲ ಅಂದ್ರು ನರ್ಸು. ಬಸಲಿಂಗಮ್ಮ ಅದನ್ನ ಸೆರಗಿನ್ಯಾಗ ಸುತ್ತಿ ಎದಿಗೆ ಒತ್ತಿಕೊಂಡು ಹೊರಗಿನ ಬೆಂಚಿನ ಮ್ಯಾಲ ಕುಂತ್ಲು. ಅಂವ ಹೊರಗ ಬಂದು ಕಣ್ಣು ತೆರೆಯೋ ತನಕ ನೀರು ಸುದ್ದಾ ಕುಡೀಲಿಲ್ಲ ಆಕಿ.

ಆಪರೇಷನ್ ಚೊಲೋ ಆತು ಅಂದ್ರು. ಜೋಡಣಿ ಹಿಡೀತು. ನಾನು ದೇವರಿಗೆ ಕಾಯಿ ಒಡೆಸಿದೆ. ಕೆಲವು ದಿನ ಬಿಟ್ಟು ರಿಪೋರ್ಟ್ ಬಂತು: ಕೊಯ್ದ ಅಂಚಿನ ತನಕ ರೋಗ ಐತಿ. "ಈಗರ ಪೂರ್ತಿ ತಗದು ಬಿಡೋಣು" ಅಂದ್ರು ಡಾಕ್ಟರು. ಅಣ್ಣ ನಕ್ಕ. ಆ ನಗಿಗೆ ಬೆಂಕಿ ಹಚ್ಚಬೇಕು ಅನಿಸ್ತಿತ್ತು ನನಗ.

ಮನಿಗೆ ಬಂದ ಮ್ಯಾಲ ಸುರು ಆತು ನೋಡ್ರಿ ಅವನ ಅಸಲಿ ಪರೇಶಾನಿ. ಚೀಲ ಬ್ಯಾಡ ಅಂದ, ಚೀಲ ಇಲ್ಲ. ಖರೆ, ಬಿಗಿ ಹಿಡಿಯೋ ಶಕ್ತೀನೂ ಇಲ್ಲ. ಉಣ್ಣಾಕ ಕುಂತ್ರ ಏಳಬೇಕು, ಎದ್ದವ ಸಂಡಾಸ ಮುಟ್ಟೋದ್ರಾಗ ಧೋತರ ಹಾಳು. ದುಪ್ಪಟಿ ಹರದು ಅತ್ತಿಗಿ ಅರಬಿ ಮಾಡಿ ಇಡ್ತಿದ್ಲು. ಬಸ್ಸು ಹತ್ತೋದು ಬಿಟ್ಟ, ಮದುವಿ ಮುಂಜಿವಿ ಬಿಟ್ಟ. ಪೂಜಾಕ್ಕ ಕುಂತು ಲಿಂಗ ಅಂಗೈಯಾಗ ತಗೊಂಡಿರ್ತಿದ್ದ, ಅಷ್ಟರಾಗ ಏಳೋ ಪಾಳಿ ಬರ್ತಿತ್ತು. ಮತ್ತ ಜಳಕಾ, ಮತ್ತ ಕುಂದ್ರೋದು. ಚಳಿಗಾಲದಾಗ ತಣ್ಣೀರು ಸುರುವಿಕೊಂಡು ನಡುಗ್ತಿದ್ದ. ಯಾವ ಮೈಲಿಗಿಗೆ ಅಂಜಿ ಜೀವ ಒತ್ತಿ ಇಟ್ಟಿದ್ದನೋ ಅದೇ ಮೈಲಿಗಿ ದಿನಾ ಅವನ ಕಾಲಾಗ ಇಳೀತಿತ್ತು.

ಬಂಡೆಪ್ಪನ ಮಗಳಿಗೆ ಲಿಂಗ ಕಟ್ಟೋದಿತ್ತು. ಪೇಢೆ ಹಿಡಕೊಂಡು ಬಂದು ದಾರ ಕೇಳಿದ.

"ನನ್ನ ಕೈ ಸ್ವಚ್ಛ ಇಲ್ಲಪ್ಪ" ಅಂದ ಅಣ್ಣ. "ಅಂಗಡ್ಯಾಗ ತಗೋ."

ಬಂಡೆಪ್ಪಗ ಅರ್ಥ ಆಗಲಿಲ್ಲ. ತನ್ನ ಮ್ಯಾಲ ಸಿಟ್ಟಾಗ್ಯಾನ ಅಂದ್ಕೊಂಡು ಹೋದ. ನೂಲಿನ ಬುಟ್ಟಿ ಅಟ್ಟಕ್ಕ ಹೋತು.

ಒಂದು ವರ್ಷ ಕಳೆಯೋದ್ರಾಗ ಕುಂದ್ರಾಕ ಆಗವಲ್ದಾತು. ಒಂದು ಕುಂಡಿ ಮ್ಯಾಲ ವಾಲಿ ಕುಂದ್ರತಿದ್ದ, ಆಮ್ಯಾಲ ನಿಂತ ನಿಂತ ಉಣ್ಣತಿದ್ದ. ರೋಗ ತಿರುಗಿ ಬಂದಿತ್ತು, ಎಲುಬಿಗೆ ಆತುಕೊಂಡು. ಡಾಕ್ಟರು ಸ್ಕ್ಯಾನ್ ನೋಡಿ ಕೆಳಗಿಟ್ರು. 'ನಾ ಹೇಳಿದ್ನಿಲ್ಲ' ಅಂತ ಒಂದು ಸಲಾನೂ ಅನ್ನಲಿಲ್ಲ ಆ ಪುಣ್ಯಾತ್ಗಿತ್ತಿ. ನೋವಿಗೆ ಗುಳಿಗಿ ಬರದು ಕೊಟ್ರು. ಅದಾಗಿ ಸ್ವಲ್ಪ ದಿನಕ್ಕ ಕರುಳೇ ಕಟ್ಟಿತು. ಹೊಟ್ಟಿ ಡೊಳ್ಳಿನಂಗ ಉಬ್ಬಿತು, ವಾಂತಿ. ಓಡಿ ದವಾಖಾನಿಗೆ ಒಯ್ದಿವಿ. ಈ ಸಲ ಯಾರೂ ಅವನ್ನ ಕೇಳಲಿಲ್ಲ. ಎಚ್ಚರಾಗಿ ಕಣ್ಣು ತೆರೆದ್ರ ಹೊಟ್ಟಿ ಎಡಕ್ಕ ಚೀಲ ಇತ್ತು. ಅದೇ ಪೆನ್ನಿನ ಗುರುತಿನ ಜಾಗಾದಾಗ.

ಯಾವ ಚೀಲ ಬ್ಯಾಡ ಅಂತ ಜೀವ ಕೊಟ್ಟನೋ ಆ ಚೀಲಾನೂ ಬಂತು. ಜೀವ ಮಾತ್ರ ಉಳಿಯೋದಿದ್ದಿಲ್ಲ.

ಮನಿಗೆ ಕರಕೊಂಡು ಬಂದಿವಿ. ಅತ್ತಿಗಿ ಲಿಂಗ ತಂದು ಕೊಟ್ರ ಅಂವ ಕೈ ಮುಂದ ಮಾಡ್ಲಿಲ್ಲ. "ದೇವರ ಜಗಲಿ ಮ್ಯಾಲ ಇಡು" ಅಂದ. ಲಿಂಗ ಮೈಮ್ಯಾಲ ಇಲ್ಲದ ಬಾಯಿಗೆ ತುತ್ತು ಹಾಕ್ಕೊಳ್ಳೋದು ಹೆಂಗ? ಅನ್ನ ಬಿಟ್ಟ. ನೀರಿಗೂ ಮುಖ ತಿರುವಿದ. ನಾನು ಬೈದೆ, ಅತ್ತೆ, ಅವನ ಕಾಲು ಹಿಡಕೊಂಡೆ. ಗ್ವಾಡಿ ಕಡೆ ಹೊಳ್ಳಿ ಮಲಗಿದ.

ಮರುದಿನ ಮುಂಜಾನೆ ಬಸಲಿಂಗಮ್ಮ ತಲಿ ತುಂಬ ಸೆರಗು ಹೊತ್ತು ಚಪ್ಪಲಿ ಮೆಟ್ಟಿದ್ಲು. ಎಲ್ಲಿಗೆ ಅಂದ್ರ ಹೇಳಲಿಲ್ಲ. ಈ ಊರಾಗ ಒಬ್ಬಾಕೀನ ಬಸ್ಸು ಹತ್ತಿದಾಕಿನೇ ಅಲ್ಲ. ಮಧ್ಯಾಹ್ನದೊಳಗ ವೀರಭದ್ರಯ್ಯನವರನ್ನ ಕರಕೊಂಡೇ ಬಂದ್ಲು. ಬಸ್ಸಿನ್ಯಾಗ ಮಂದಿ ನಡುವ ಕುಂತು ಎಲ್ಲಾ ಹೇಳಿದ್ಲಂತ. ಮುಕಳಿ, ಚೀಲ, ದಾರ, ಒಂದೂ ಬಿಡಲಿಲ್ಲಂತ. ಅಣ್ಣನ ಆಣಿ ನನ್ನ ಮ್ಯಾಲ ಇತ್ತು, ಆಕಿ ಮ್ಯಾಲ ಇದ್ದಿಲ್ಲ. ಇಷ್ಟು ವರ್ಷ ಸುಮ್ಮನಿದ್ದಾಕಿ ಮ್ಯಾಲ ಆಣಿ ಹಾಕಬೇಕು ಅಂತ ಅವಗ ಹೊಳದಿರಲೂ ಇಲ್ಲ.

ಅಯ್ಯನವರು ಬಂದವರೇ ಹಾಸಿಗಿ ಮ್ಯಾಲ ಕುಂತ್ರು. ಅಣ್ಣ ಎರಡೂ ಕೈಯಿಂದ ಚೀಲ ಮುಚ್ಚಿಕೊಂಡ. ಅವರು ಆ ಕೈ ಸರಿಸಿ, ದುಪ್ಪಟಿ ಸರಿಸಿ, ಚೀಲ ನೋಡಿದ್ರು. ಮೂಗು ಮುಚ್ಚಲಿಲ್ಲ, ಮುಖ ಕಿವಚಲಿಲ್ಲ.

"ಶಾಂತಪ್ಪ, ಲಿಂಗ ಕಟ್ಟಿದವಗ ಎಲ್ಲಿದೋ ಮೈಲಿಗಿ? ಇದು ಇಷ್ಟು ವರ್ಷ ನಿನ್ನ ಹೊಟ್ಟಿ ಒಳಗ ಇತ್ತು, ಅದರ ಮ್ಯಾಲೇ ಲಿಂಗ ಕುಂತಿತ್ತು. ಒಳಗ ಇದ್ದಾಗ ಆಗಲಾರದ ಮೈಲಿಗಿ ಚೀಲದಾಗ ಬಂದ್ರ ಹೆಂಗ ಆಗ್ತೈತಿ?"

ಅಣ್ಣ ತಿರುಗಿದ. ಆದ್ರೂ ಹಟ ನೋಡ್ರಿ, "ಅಳತಿ ಅಯ್ಯಾ" ಅಂದ. "ನಾಕು ಬೆರಳು. ನಮ್ಮಪ್ಪ ಹೇಳಿದ್ದು."

"ನಿಮ್ಮಪ್ಪಗ ಅದನ್ನ ಹೇಳಿದವರು ನಮ್ಮಪ್ಪ. ಕೆಳಗ ಇಳೀಬಾರದು ಅಂತ ಹೇಳಿದ್ರು. ಮ್ಯಾಲ ಏರಬಾರದು ಅಂತ ಯಾರು ಹೇಳಿದ್ರು? ಎದಿ ಮ್ಯಾಲ ಇರ್ತೈತಿ, ಕೊರಳಾಗ ಇರ್ತೈತಿ, ತಲಿ ಮ್ಯಾಲ ಸುದ್ದಾ ಇಟಗೊಂಡವರು ಅದಾರ. ಎಲ್ಲಾ ಲಿಂಗದ ಜಾಗಾನೇ."

ಜಗಲಿ ಮ್ಯಾಲಿನ ಲಿಂಗ ತರಿಸಿದ್ರು. ಅಣ್ಣನೇ ಹೊಸೆದ ದಾರ ಅದು. ಅದನ್ನ ಮಡಚಿ, ಗೇಣುದ್ದ ಮ್ಯಾಲ ಒಂದು ಗಂಟು ಹಾಕಿ, ಅತ್ತಿಗಿ ಕಡೆ ಕತ್ತರಿ ಇಸಕೊಂಡು ಉಳಿದಿದ್ದು ಕತ್ತರಿಸಿದ್ರು. ಅವನ ತಲಿ ಎತ್ತಿ ಕೊರಳಿಗೆ ಹಾಕಿದ್ರು. ಕರಡಿಗಿ ಬಂದು ಕೊರಳಿನ ಗುಳಿಯಾಗ ಕುಂತಿತು. ಇಷ್ಟಾಗಾಕ ಚಾ ಆರೋವಷ್ಟು ಹೊತ್ತೂ ಹಿಡೀಲಿಲ್ಲ.

ಅಣ್ಣ ಕರಡಿಗಿ ಮುಟ್ಟಿ ನೋಡಿಕೊಂಡ. ಆಮ್ಯಾಲ ಕೇಳಿದ, "ಅಯ್ಯಾ, ಮೊದಲ ಆಪರೇಷನ್ ಮುಂಚೆ ನೀವು ಬಂದಿದ್ರಲ್ಲ. ಅವತ್ತು ನಾ ಕೇಳಿದ್ರ ಇದನ್ನೇ ಹೇಳ್ತಿದ್ರೇನು?"

ಅಯ್ಯನವರು ಸುಳ್ಳು ಹೇಳಬಹುದಿತ್ತು. ಹೇಳಿದ್ರ ಅವರಿಗೆ ಪಾಪ ಬರ್ತಿದ್ದಿಲ್ಲ ಅಂತ ನನಗನಿಸ್ತೈತಿ. ಅವರು ತಲಿ ಕೆಳಗ ಹಾಕಿ, "ಇದನ್ನೇ ಹೇಳ್ತಿದ್ದೆ ಶಾಂತಪ್ಪ" ಅಂದ್ರು.

ಅಣ್ಣ ಅತ್ತ. ಅಪ್ಪ ಸತ್ತಾಗ ಅಳಲಾರದವ, ಮಗಳನ್ನ ಕಳಸುವಾಗ ಅಳಲಾರದವ, ಬಾಯಿ ತೆರದು ಸಣ್ಣ ಕೂಸಿನಂಗ ಅತ್ತ. "ಇಷ್ಟ ಏನು ಶಿವೀ? ಇಷ್ಟ ಇತ್ತೇನು?" ಅಂತ ನನ್ನ ಕಡೆ ಕೈ ಚಾಚಿದ. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅಂತಾರ. ನಾನು ಆ ಮಾತು ಆಡಲಿಲ್ಲ. ಅವನ ತಲಿ ತೊಡಿ ಮ್ಯಾಲ ಇಟಗೊಂಡು ಕುಂತೆ. ಜೀವನದಾಗ ಮೊದಲನೇ ಸಲ ಅವನ ಮುಂದ ನನ್ನ ಮಾತು ಖರೆ ಆಗಿತ್ತು, ಗೆಲ್ಲೋ ಹೊತ್ತು ಮೀರಿದ ಮ್ಯಾಲ. ಆ ಗೆಲುವು ಯಾರಿಗೆ ಬೇಕಾಗಿತ್ತು?

ಅವತ್ತು ಸಂಜಿಗೆ ಅಂಬಲಿ ಕುಡದ. ಚೀಲ ಬಿಚ್ಚಿ ತೊಳಿಯೋದು ಅತ್ತಿಗಿ ಕಲತ್ಲು, ನಾನೂ ಕಲತೆ. ವಾಸನಿ, ಗಲೀಜು ಅಂತ ಎಷ್ಟು ಅಂಜಿದ್ವಿ, ಅ‌ರ್ಧ ತಾಸಿನ ಕೆಲಸ ಇತ್ತು ಅದು. ಆ ಚೀಲ ಬಂದ ಮ್ಯಾಲೇ ಅವಗ ಒಂದೇ ಜಳಕಾದ ಮ್ಯಾಲ ಪೂರ್ತಿ ಪೂಜಾ ಮಾಡಾಕ ಬಂತು. ಕುಂದ್ರಾಕ ಆಗ್ತಿದ್ದಿಲ್ಲ, ಒರಗಿಕೊಂಡೇ ಲಿಂಗ ಅಂಗೈಯಾಗ ಇಟಗೊಂಡು ನೋಡ್ತಿದ್ದ. ನಡುವ ಏಳೋ ಪಾಳಿ ಬರಲಿಲ್ಲ. ಅದನ್ನ ನೋಡಿ ನಾನು ಅಡಗಿಮನ್ಯಾಗ ಹೋಗಿ ಸೆರಗು ಬಾಯಾಗ ತುರಕ್ಕೊಂಡು ಅಳ್ತಿದ್ದೆ.

ಬಂಡೆಪ್ಪನ್ನ ಕರಸಿದ. ಅವನ ಕೈ ಹಿಡಕೊಂಡು, "ನಿನಗ ಗಿಡ್ಡ ದಾರ ಕೊಡಬಹುದಿತ್ತೋ ತಮ್ಮಾ. ನಾನು ಕೇಳಲಾರದ ನಿನಗ ಇಲ್ಲ ಅಂದೆ" ಅಂದ. ಆಮ್ಯಾಲ ತನಗೇನಾಗೈತಿ ಅಂತ ಖರೇ ಹೆಸರು ಹಿಡದು ಹೇಳಿದ. ಮೊದಲನೇ ಸಲ ಅವನ ಬಾಯಿಂದ ಆ ಮಾತು ಬಂತು. ಬಂಡೆಪ್ಪ ಅಲ್ಲೇ ನೆಲದ ಮ್ಯಾಲ ಕುಂತು ಬಿಟ್ಟ.

ಯುಗಾದಿ ಕಾಣಲಿಲ್ಲ ಅಣ್ಣ. ನಮ್ಮ ಪದ್ಧತಿ ಪ್ರಕಾರ ಕುಂದರಿಸಿ ಮಣ್ಣು ಕೊಟ್ರು. ಎಷ್ಟು ತಿಂಗಳಿಂದ ಕುಂದ್ರಾಕ ಆಗಲಾರದವ ಅವತ್ತು ನೆಟ್ಟಗ ಕುಂತಿದ್ದ. ಅಯ್ಯನವರು ಕೊರಳಿನ ಲಿಂಗ ತಗದು ಅವನ ಎಡಗೈ ಅಂಗೈಯಾಗ ಇಟ್ರು. ಬೀದರಿನ ಮಗಳು, "ಅತ್ತಿ, ಹುಣ್ಣಿಗೆ ಮನಷಾ ಹಿಂಗ ಸಾಯ್ತಾನೇನು?" ಅಂತ ನನ್ನ ಹಿಡಕೊಂಡು ಕೇಳಿದ್ಲು. ಮನಿಗೆ ಬಂದ ಮ್ಯಾಲ ಆಕೀನ ಕುಂದರಿಸಿಕೊಂಡು ಎಲ್ಲಾ ಹೇಳಿದೆ, ಈ ರೋಗ ರಕ್ತದಾಗ ಬರಬಹುದು, ದವಾಖಾನಿಗೆ ಹೋಗಿ ತಾನೂ ಒಮ್ಮೆ ತೋರಿಸಿಕೊಂಡು ಬರಬೇಕು ಅಂತಾನೂ ಹೇಳಿದೆ.

ಈಗ ಅಟ್ಟದ ಮ್ಯಾಲಿನ ನೂಲಿನ ಬುಟ್ಟಿ ಕೆಳಗ ಇಳದೈತಿ. ಬಸಲಿಂಗಮ್ಮ ಹೊಸೀತಾಳ, ಎಳಿ ಹಿಡಿಯಾಕ ನಾನು ಹೋಗ್ತೀನಿ. ಬಂದವರು, "ನಮ್ಮ ಶಾಂತಪ್ಪನವರ ಅಳತಿಗೇ ಹಾಕ್ರಿ ಅಕ್ಕಾ" ಅಂತಾರ. ಆಕಿ ಎಳಿ ಕೆಳಗ ಇಡ್ತಾಳ. ಅವರನ್ನ ಎದುರಿಗೆ ಕುಂದರಿಸಿ, ಮುಖ ನೋಡಿ, "ನಿಮಗ ಎಲ್ಲಿ ತನಕ ಬೇಕ್ರಿ?" ಅಂತ ಮೊದಲು ಕೇಳ್ತಾಳ.